ಸಾಮಾಯಿಕವೂ ಹಿಂದಿನ ಬಾಕಿಯೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ದೀಕ್ಷಾಕಲ್ಯಾಣದ ದಿನ ಮಧ್ಯಾಹ್ನದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

  

ನಾನು ಪಂಡಿತನಲ್ಲ. ಹತ್ತನೆಯ ತರಗತಿಯವರೆಗೆ ಓದಿ, ಮರುವರ್ಷವೇ ತಂದೆಯವರ ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ಹೊನ್ನಾಳಿ, ನ್ಯಾಮತಿ, ಗೋವಿನಕೋವಿಯ ಕಡೆಯ ಊರುಗಳಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆ ಕೊಂಡು ಮಾರುತ್ತ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಳೆದಿದ್ದೇನೆ. ಶಾಸ್ತ್ರಿಗಳು ಕುಳಿತಿರುವ ಸಭೆಯಲ್ಲಿ ನನ್ನಂಥವನು ಬಾಯಿ ತೆರೆಯುವುದು ಉದ್ಧಟತನವೆಂದು ಸಮಿತಿಯವರಿಗೆ ಬಿನ್ನವಿಸಿಕೊಂಡೆ. ಅವರು ಕೇಳಲಿಲ್ಲ. “ಗತವನ್ನು ಬಿಡುವ ವಿಷಯವಾಗಿ ವ್ಯಾಪಾರಿಯೊಬ್ಬನು ಮಾತನಾಡಲಿ, ಬಾಕಿಯ ಕಷ್ಟ ಬಲ್ಲವನು ಅವನೇ” ಎಂದುಬಿಟ್ಟರು. ತಪ್ಪಿದ್ದಲ್ಲಿ ಹಿರಿಯರು ತಿದ್ದಬೇಕು.

ಈ ಮಾತಿಗೆ ನಿಜವಾದ ಕಾರಣ ನನ್ನ ತಮ್ಮನ ಮಗಳು. ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗಿ. ಕಳೆದ ದೀಪಾವಳಿಗೆ ಬಂದಾಗ ಪ್ರತಿದಿನ ಬೆಳಿಗ್ಗೆ ನೋಟುಪುಸ್ತಕವೊಂದರಲ್ಲಿ ಒಂದೇ ವಾಕ್ಯವನ್ನು ಪುಟ ತುಂಬ ಬರೆಯುತ್ತಿದ್ದಳು. ಏನಮ್ಮ ಇದು ಎಂದು ಕೇಳಿದೆ. ತನಗೆ ಬೇಕಾದ ಕೆಲಸ ಈಗಾಗಲೇ ದೊರೆತಿದೆ ಎಂದು ಬರೆಯುವುದಂತೆ. ಹಾಗೆ ಮನಸ್ಸನ್ನು ನಿಲ್ಲಿಸಿದರೆ ಬಯಸಿದ್ದು ತಾನಾಗಿ ಬಂದು ಸೇರುವುದಂತೆ. ಹಿಂದಿನದನ್ನೆಲ್ಲ ಮರೆತು ಈ ಕ್ಷಣದಲ್ಲಿಯೇ ಇರಬೇಕಂತೆ. ಮೊಬೈಲಿನಲ್ಲಿ ಇದನ್ನು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ನಕ್ಕೆ. ಆಕೆ ನಗಲಿಲ್ಲ. “ದೊಡ್ಡಪ್ಪ, ನೀವೂ ದಿನಾ ಕಣ್ಣು ಮುಚ್ಚಿ ಕೂತು ಜಪ ಮಾಡ್ತೀರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?” ಎಂದು ಕೇಳಿದಳು. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಗಿರಾಕಿ ಬಂದನೆಂದು ನೆಪ ಮಾಡಿ ಎದ್ದುಹೋದೆ.

ಆ ಬಳಿಕ ಯೋಚಿಸಿದ್ದನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಬಯಸಿದ್ದು ಬರುವುದಿಲ್ಲವೆಂದು ನಮ್ಮ ಆಗಮವು ಎಲ್ಲಿಯೂ ಹೇಳಿಲ್ಲ. ಬರುತ್ತದೆ ಎಂದೇ ಹೇಳಿದೆ. ಭಯವಿರುವುದೂ ಅಲ್ಲಿಯೇ. ವ್ರತಿಯ ಎದೆಯಲ್ಲಿ ಇರಬಾರದ ಮೂರು ಶಲ್ಯಗಳನ್ನು ಆಚಾರ್ಯರು ಹೇಳಿದ್ದಾರೆ: ಮಾಯೆ, ಮಿಥ್ಯಾತ್ವ ಮತ್ತು ನಿದಾನ. ನಾವು ದಿನಬಳಕೆಯಲ್ಲಿ ‘ಮೆಲ್ಲಗೆ’ ಎಂಬರ್ಥದಲ್ಲಿ ಆಡುವ ಮಹಾಪ್ರಾಣದ ‘ನಿಧಾನ’ ಬೇರೆ. ಅಲ್ಪಪ್ರಾಣದ ಈ ‘ನಿದಾನ’ ಬೇರೆ. ಮಾಡಿದ ತಪಸ್ಸಿಗೆ, ವ್ರತಕ್ಕೆ ಪ್ರತಿಯಾಗಿ ಇಂಥದೇ ಫಲ ನನಗೆ ದೊರೆಯಲಿ ಎಂದು ಮುಂಗಡ ಗೊತ್ತುಪಡಿಸಿಕೊಳ್ಳುವುದು ನಿದಾನ. ಶಲ್ಯವೆಂದರೆ ಮುರಿದು ಒಳಗೇ ಉಳಿದ ಮುಳ್ಳು. ನಡೆದಾಗಲೆಲ್ಲ ಅದು ಚುಚ್ಚುತ್ತದೆ.

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ನಮ್ಮ ನೆರೆಯ ಬಳ್ಳಿಗಾವಿಗೂ ಈ ಕಥೆಗೂ ನಂಟು ಉಂಟು. ಬನವಾಸಿ ನಾಡನ್ನು ಆಳುತ್ತಿದ್ದ ಲಕ್ಷ್ಮನೃಪನ ಬಳಿ ಅಧಿಕಾರಿಯಾಗಿದ್ದ ಶಾಂತಿನಾಥ ಕವಿಯು ೧೦೬೮ರ ಸುಮಾರಿಗೆ ಇದೇ ಕಥೆಯನ್ನು ಸುಕುಮಾರಚರಿತೆಯಾಗಿ ರಚಿಸಿದನು. ಬಳ್ಳಿಗಾವಿಯ ಶಾಂತಿನಾಥ ಬಸದಿಯು ಶಿಲಾಮಯವಾದುದೂ ಅವನ ಪ್ರೇರಣೆಯಿಂದಲೇ. ಕಥೆ ತಮಗೆಲ್ಲ ತಿಳಿದದ್ದು. ಅಗ್ನಿಭೂತಿ, ವಾಯುಭೂತಿ ಎಂಬ ಅಣ್ಣತಮ್ಮಂದಿರು. ಅಣ್ಣನು ದೀಕ್ಷೆ ವಹಿಸಿ ಹೊರಟುಹೋದಾಗ, ಅವರನ್ನು ಹಿಂದಕ್ಕೆ ಕರೆತರೋಣ ಬಾ ಎಂದು ಅತ್ತಿಗೆ ಸೋಮದತ್ತೆಯು ಮೈದುನನನ್ನು ಕೇಳಿದಳು. ವಾಯುಭೂತಿಯು ಸಿಟ್ಟಿನಿಂದ ಆಕೆಯನ್ನು ಕಾಲಿನಿಂದ ಒದೆದನು. “ಮುಂದಿನ ಯಾವುದಾದರೂ ಜನ್ಮದಲ್ಲಿ ನಿನ್ನ ಈ ಕಾಲನ್ನು ನನ್ನ ಮಕ್ಕಳೊಡನೆ ತಿನ್ನುವೆನು” ಎಂದು ಆಕೆ ನಿದಾನ ಮಾಡಿಕೊಂಡಳು.

ಒದ್ದವನು ನಾನಾ ಜನ್ಮಗಳಲ್ಲಿ ತಿರುಗಿ, ತಿದ್ದಿಕೊಂಡು, ಉಜ್ಜಯಿನಿಯಲ್ಲಿ ಸುಕುಮಾರನಾಗಿ ಹುಟ್ಟಿದನು. ಆಸನದ ಮೇಲೆ ಬಿದ್ದ ಸಾಸಿವೆಯ ಕಾಳು ಕೂಡ ಒತ್ತುವಷ್ಟು ಕೋಮಲವಾದ ಮೈ. ರತ್ನದೀಪದ ಬೆಳಕಲ್ಲದೆ ಎಣ್ಣೆಯ ದೀಪವನ್ನು ಕಂಡರಿಯದ ಕಣ್ಣು. ಅಂಥವನು ಮುನಿಗಳ ಪಾಠದ ಧ್ವನಿಯನ್ನು ಕೇಳಿ ಜಾತಿಸ್ಮರನಾಗಿ, ಆಯುಷ್ಯದಲ್ಲಿ ಮೂರೇ ದಿನ ಉಳಿದಿದೆಯೆಂದು ಅರಿತು, ದೀಕ್ಷೆ ಕೈಗೊಂಡು ಕಾಡಿಗೆ ಹೊರಟನು. ನಡೆದು ಅಭ್ಯಾಸವಿಲ್ಲದ ಅಂಗಾಲು ಒಡೆದು ನೆತ್ತರು ಸುರಿಯಿತು. ಆ ನೆತ್ತರಿನ ಜಾಡು ಹಿಡಿದು ಮರಿಗಳೊಡನೆ ಒಂದು ಹೆಣ್ಣುನರಿ ಬಂದಿತು. ಅತ್ತಿಗೆಯೇ ಅದು. ಮೂರು ದಿನ ಕಾಲಿನಿಂದ ಮೊದಲುಮಾಡಿ ತಿಂದಿತು.

ಇಲ್ಲಿ ನೋಡಿ: ಆಕೆಯ ಬಯಕೆ ಅಕ್ಷರಶಃ ಈಡೇರಿತು. ಒಂದು ಕಾಳೂ ಕಡಿಮೆಯಾಗಲಿಲ್ಲ. ಆದರೆ ಆ ಬಯಕೆ ಈಡೇರಬೇಕಾದರೆ ಆಕೆ ನರಿಯಾಗಬೇಕಾಯಿತು. ಇನ್ನು ಆತನೋ? ಒದ್ದ ಕಾಲನ್ನು ನೆನೆಯಲಿಲ್ಲ, ಮುಂದೆ ಬರಲಿರುವ ಸ್ವರ್ಗವನ್ನೂ ನೆನೆಯಲಿಲ್ಲ. ಆ ಹೊತ್ತಿನ ಸಮತೆಯಲ್ಲಿ ನಿಂತು ಸಮಾಧಿಮರಣವನ್ನು ಸಾಧಿಸಿದನು.

ಹಾಗಾದರೆ ಗೃಹಸ್ಥನು ಏನನ್ನೂ ಬಯಸಬಾರದೆ ಎಂದು ತಾವು ಕೇಳಬಹುದು. ನಾವೆಲ್ಲ ಹೊಂಬುಜಕ್ಕೆ ಹೋಗಿ ಪದ್ಮಾವತೀ ದೇವಿಯ ಸನ್ನಿಧಿಯಲ್ಲಿ ಕೈಮುಗಿದು ನಿಂತು, ಹೂವಿನ ಪ್ರಸಾದ ಬಲಕ್ಕೆ ಬೀಳುವುದೋ ಎಂದು ಉಸಿರು ಬಿಗಿಹಿಡಿದು ಕಾದವರೇ. ನಾನೂ ಕಾದಿದ್ದೇನೆ, ಅದನ್ನು ಹಗುರಾಗಿ ಆಡಲಾರೆ. ಭಾವನೆಗೆ ಶಕ್ತಿಯಿಲ್ಲವೆಂದೂ ಹೇಳಲಾರೆ. ದರ್ಶನವಿಶುದ್ಧಿ ಮೊದಲಾದ ಹದಿನಾರು ಭಾವನೆಗಳಿಂದ ತೀರ್ಥಂಕರ ನಾಮಕರ್ಮವೇ ಬಂಧವಾಗುವುದೆಂದು ಶಾಸ್ತ್ರವಿದೆ. ಷೋಡಶಕಾರಣ ವ್ರತವನ್ನು ನಮ್ಮ ತಾಯಂದಿರು ಆಚರಿಸುವುದು ಅದಕ್ಕಾಗಿಯೇ. ಆದರೆ ಆ ಹದಿನಾರರಲ್ಲಿ ವಿನಯವಿದೆ, ಶಕ್ತಿಗೆ ತಕ್ಕ ತ್ಯಾಗವಿದೆ, ತಪಸ್ಸಿದೆ, ಸಾಧುಗಳ ಸೇವೆಯಿದೆ. ‘ನಾನು ತೀರ್ಥಂಕರನಾಗುವೆನು’ ಎಂಬ ವಾಕ್ಯವನ್ನು ನೂರು ಸಲ ಬರೆಯುವುದು ಇಲ್ಲ. ಮಾಡತಕ್ಕದ್ದರಲ್ಲಿ ಮನಸ್ಸನ್ನು ನಿಲ್ಲಿಸಿದರೆ ಅದು ಭಾವನೆ; ಬರತಕ್ಕದ್ದರಲ್ಲಿ ನಿಲ್ಲಿಸಿದರೆ ನಿದಾನ. ನನ್ನ ಅಲ್ಪಮತಿಗೆ ತೋಚಿದ್ದು ಇಷ್ಟು.

ಇನ್ನು ಗತದ ವಿಷಯ. ಇಲ್ಲಿ ಪುರಾಣಕ್ಕಿಂತ ಮೊದಲು ನನ್ನ ಖಾತೆಯನ್ನೇ ಬಿಚ್ಚಬೇಕಾಗಿದೆ.

ದೀಪಾವಳಿಯ ದಿನ ಬೆಳಗಿನ ಜಾವ ನಾವು ಮಹಾವೀರಸ್ವಾಮಿಯ ನಿರ್ವಾಣಪೂಜೆ ಮಾಡುತ್ತೇವೆ. ಕರ್ಮದ ಬಾಕಿಯನ್ನೆಲ್ಲ ತೀರಿಸಿದವನ ಪೂಜೆ ಅದು. ಅದೇ ಹಬ್ಬದಲ್ಲಿ ಅಂಗಡಿಯಲ್ಲಿ ಹೊಸ ಪುಸ್ತಕಕ್ಕೆ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ‘ಹಿಂದಿನ ಬಾಕಿ’ ಎಂದು ಬರೆಯುತ್ತೇವೆ. ಈ ವಿಚಿತ್ರ ನನಗೆ ಬಹುಕಾಲ ಹೊಳೆದಿರಲಿಲ್ಲ. ೨೦೦೭ರಿಂದ ನನ್ನ ಪುಸ್ತಕದ ಆ ಪುಟದಲ್ಲಿ ಒಂದು ಹೆಸರು ತಪ್ಪದೆ ಬರುತ್ತಿತ್ತು. ಆತನು ನನ್ನ ಬಾಲ್ಯದ ಗೆಳೆಯ, ನಮ್ಮ ಸಮಾಜದವನೇ. ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. ಇಬ್ಬರೂ ಸೇರಿ ಮೂರು ಲಾರಿ ಮೆಕ್ಕೆಜೋಳ ಕೊಂಡು ಹೊರಗಿನ ಪೇಟೆಗೆ ಸಾಗಿಸಿದ್ದೆವು. ನನ್ನ ಪಾಲಿನ ೯೪,೦೦೦ ರೂಪಾಯಿ ಆತನ ಕೈಯಿಂದ ಬರಲಿಲ್ಲ. ಒಂದೆರಡು ಮಾತು ನಡೆಯಿತು. ಆ ಮೇಲೆ ಮಾತೇ ನಿಂತಿತು.

ಅಂದು ಆ ಹಣ ನನಗೆ ಸಣ್ಣದಲ್ಲ. ಆದರೂ ಹಣಕ್ಕಿಂತ ಹೆಚ್ಚು ಹೋದದ್ದು ಮತ್ತೊಂದು. ನಾನು ಪ್ರತಿ ಸಂಜೆ ಸಾಮಾಯಿಕಕ್ಕೆ ಕುಳಿತುಕೊಳ್ಳುವವನು. ಪೂರ್ವಾಭಿಮುಖವಾಗಿ ನಿಂತು, ಇಪ್ಪತ್ತೇಳು ಉಸಿರಿನಲ್ಲಿ ಒಂಬತ್ತು ಸಲ ಪಂಚನಮಸ್ಕಾರ ಮಂತ್ರ ಹೇಳಿ, ನಾಲ್ಕು ದಿಕ್ಕಿಗೂ ಆವರ್ತ, ಶಿರೋನತಿ ಮಾಡಿ ಕುಳಿತರೆ ಎರಡು ಘಳಿಗೆ ಏಳುವುದಿಲ್ಲ. ಮನೆಯವರು ಟಿವಿಯ ಸದ್ದನ್ನು ತಗ್ಗಿಸುತ್ತಿದ್ದರು. ಹೊರಗಿನಿಂದ ಕಂಡವರು ಭಕ್ತನೆಂದೇ ತಿಳಿದಾರು. ಒಳಗೆ ನಡೆಯುತ್ತಿದ್ದುದೇನು? ನೂರಕ್ಕೆ ತಿಂಗಳಿಗೆ ಒಂದೂವರೆಯಂತೆ ೯೪,೦೦೦ಕ್ಕೆ ೧,೪೧೦ ರೂಪಾಯಿ ಬಡ್ಡಿ, ವರ್ಷಕ್ಕೆ ೧೬,೯೨೦. ಹನ್ನೊಂದು ವರ್ಷ ನಾನು ಜಪಿಸಿದ ಮಂತ್ರ ಇದು.

೨೦೧೮ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಕುಟುಂಬಸಮೇತ ಹೋಗಿದ್ದೆವು. ವಿಂಧ್ಯಗಿರಿಯನ್ನು ಹತ್ತಿ, ಜನರ ನಡುವೆ ನಿಂತು ತಲೆಯೆತ್ತಿದೆ. ಕ್ಷೀರಾಭಿಷೇಕ ಮುಗಿದು ಅರಿಶಿನದ ನೀರು ಭಗವಂತನ ಭುಜಗಳ ಮೇಲಿಂದ ಇಳಿಯುತ್ತಿತ್ತು. ಅಷ್ಟರಲ್ಲಿ ಎದುರಿನ ಸಾಲಿನಲ್ಲಿ ಆತನ ಬೆನ್ನಿನಂತಹ ಒಂದು ಬೆನ್ನು ಕಂಡಿತು. ಅವನೇ ಹೌದೋ ಅಲ್ಲವೋ, ನನ್ನ ಹಣದಲ್ಲಿ ಇಲ್ಲಿಗೆ ಬಂದು ಕಲಶ ಹಿಡಿದಿರುವನೋ ಎಂದು ಅದನ್ನೇ ನೋಡುತ್ತಿದ್ದೆ. ತಿರುಗಿದಾಗ ಬೇರೆ ಯಾರೋ. ಮತ್ತೆ ತಲೆಯೆತ್ತುವಷ್ಟರಲ್ಲಿ ಅರಿಶಿನ ಪಾದವನ್ನು ಮುಟ್ಟಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ದರ್ಶನವನ್ನು ನಾನು ಅಪರಿಚಿತನೊಬ್ಬನ ಬೆನ್ನಿಗೆ ಕೊಟ್ಟುಬಿಟ್ಟಿದ್ದೆ.

ನಿಂತಿದ್ದುದು ಯಾರ ಮುಂದೆ! ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದು, ಗೆದ್ದುದನ್ನು ಅಣ್ಣನಿಗೇ ಬಿಟ್ಟು ಒಂದು ವರ್ಷ ಅಲುಗದೆ ನಿಂತ ಮಹಾಪುರುಷನ ಮುಂದೆ. ಬಳ್ಳಿ ತೋಳಿಗೆ ಹಬ್ಬಿತು, ಹುತ್ತ ಕಾಲಿನ ಬಳಿ ಬೆಳೆಯಿತು. ಕೇವಲಜ್ಞಾನ ಮಾತ್ರ ಬರಲಿಲ್ಲ. ತಾನು ನಿಂತಿರುವುದು ಭರತನ ನೆಲವೆಂಬ ಕೊರಗು ಉಳಿದಿತ್ತೆಂದು ನಮ್ಮಲ್ಲಿ ಹೇಳುತ್ತಾರೆ. ಜಿನಸೇನಾಚಾರ್ಯರ ಪೂರ್ವಪುರಾಣವು ಬೇರೊಂದು ಬಗೆಯಾಗಿ ಹೇಳುತ್ತದೆ: ಭರತನು ತನ್ನಿಂದ ನೊಂದನಲ್ಲಾ ಎಂಬ ಸಂಕ್ಲೇಶ ಎದೆಯ ಮೂಲೆಯಲ್ಲಿತ್ತು, ಭರತನೇ ಬಂದು ಪೂಜಿಸಿದಾಗ ಅದು ಕರಗಿತು. ಈ ಎರಡನೆಯದು ನನಗೆ ಹೆಚ್ಚು ಹತ್ತಿರ. ಕಸಿದುಕೊಂಡವನ ನೆನಪಿಗಿಂತ ನಾವು ನೋಯಿಸಿದವನ ನೆನಪು ಆಳದ ಮುಳ್ಳು. ಅದು ನನಗೆ ಆಮೇಲೆ ತಿಳಿಯಿತು.

೨೦೨೦ರಲ್ಲಿ ಲಾಕ್‌ಡೌನ್ ಆಗಿ ಸಂತೆಗಳೆಲ್ಲ ನಿಂತವು. ಕೆಲಸವಿಲ್ಲದೆ, ಅಟ್ಟದ ಮೇಲಿದ್ದ ಹಳೆಯ ಪುಸ್ತಕಗಳನ್ನು ಇಳಿಸಿ ಧೂಳು ಕೊಡವುತ್ತಿದ್ದೆ. ೨೦೦೯ರ ಪುಸ್ತಕದ ನಡುವಿನಿಂದ ಒಂದು ಚೀಟಿ ಬಿದ್ದಿತು. ನನ್ನದೇ ಅಕ್ಷರ. ಆ ಗೆಳೆಯನ ಕಡೆಯವನೊಬ್ಬನು ಸಂತೆಯ ದಿನ ತಂದುಕೊಟ್ಟ ೨೨,೦೦೦ ರೂಪಾಯಿಯ ಲೆಕ್ಕ. ಸುಗ್ಗಿಯ ಗಲಾಟೆಯಲ್ಲಿ ಚೀಟಿಯಲ್ಲಿ ಬರೆದು, ಖಾತೆಗೆ ಏರಿಸದೆ ಮರೆತಿದ್ದೆ. ಹನ್ನೊಂದು ವರ್ಷ ಆ ಹಣಕ್ಕೂ ಬಡ್ಡಿ ಎಣಿಸಿದ್ದೆ, ಆ ಹಣಕ್ಕೂ ಅವನನ್ನು ಕಳ್ಳನೆಂದಿದ್ದೆ.

ಮುನಿಮಹಾರಾಜರ ಸನ್ನಿಧಿಯಲ್ಲಿ ಸುಳ್ಳು ಹೇಳಬಾರದು. ಚೀಟಿ ಕಂಡೊಡನೆ ನನಗೆ ಬಂದ ಮೊದಲ ಆಲೋಚನೆ ಅದನ್ನು ಹರಿಯಬೇಕೆಂಬುದೇ. ಹರಿಯಲಿಲ್ಲ. ಧರ್ಮಭಯದಿಂದಲ್ಲ; ನನ್ನ ಧರ್ಮಪತ್ನಿ ಎದುರಿನಲ್ಲಿ ಕುಳಿತು ಕಾಗದ ವಿಂಗಡಿಸುತ್ತಿದ್ದಳು. “ಏನದು?” ಎಂದಳು. ತೋರಿಸಿದೆ. ಆಕೆ ಓದಿ, ಏನೂ ಹೇಳದೆ ನನ್ನ ಕೈಗೆ ಹಿಂದಿರುಗಿಸಿದಳು.

ಅದನ್ನು ಹಿಡಿದು ಆತನ ಮನೆಗೆ ಹೋಗಲು ನನಗೆ ಮತ್ತೂ ಒಂದು ವರ್ಷ ಬೇಕಾಯಿತು. ೨೦೨೧ರ ಕ್ಷಮಾವಾಣಿಯ ದಿನ ಹೋದೆ. ಅನಂತಚತುರ್ದಶಿ ಮುಗಿದ ಮರುದಿನ ನಾವು ಊರಿನವರಿಗೆಲ್ಲ ಕೈಮುಗಿದು ಕ್ಷಮೆ ಕೇಳುತ್ತೇವೆ. ಯಾರಿಗೆ ಕೇಳಬೇಕೋ ಆ ಮನೆಯ ಬೀದಿಯನ್ನು ಮಾತ್ರ ಬಿಟ್ಟು ನಡೆಯುತ್ತೇವೆ. ಆತನು ಜಗಲಿಯ ಮೇಲೆ ಕುಳಿತಿದ್ದನು; ತಲೆ ಪೂರ್ತಿ ನರೆತಿತ್ತು. ಚೀಟಿಯನ್ನು ಕೊಟ್ಟೆ. ಬಹಳ ಹೊತ್ತು ನೋಡಿದನು. “ನನಗೆ ಗೊತ್ತಿತ್ತು. ನೀನು ಇದನ್ನು ಹರಿದು ಹಾಕಿದೀಯ ಅಂತ ತಿಳ್ಕೊಂಡಿದ್ದೆ. ಅದಕ್ಕೇ ಉಳಿದದ್ದು ಕೊಡಲಿಲ್ಲ” ಎಂದನು. ಅವನ ಪುಸ್ತಕದಲ್ಲಿಯೂ ನನ್ನ ಹೆಸರಿನ ಮುಂದೆ ಒಂದು ಹಿಂದಿನ ಬಾಕಿ ಇತ್ತೆಂಬುದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಉಳಿದ ೭೨,೦೦೦ ಬಂದಿತೇ ಎಂದು ತಾವು ಮನಸ್ಸಿನಲ್ಲಿ ಕೇಳುತ್ತಿರುವಿರಿ. ವ್ಯಾಪಾರಿಗಳಿರುವ ಸಭೆಯಲ್ಲಿ ಆ ಪ್ರಶ್ನೆ ಬಾರದಿರದು. ಬರಲಿಲ್ಲ, ಆತನ ಸ್ಥಿತಿಯೂ ಚೆನ್ನಾಗಿಲ್ಲ. ಆ ದೀಪಾವಳಿಗೆ ಹೊಸ ಪುಸ್ತಕದಲ್ಲಿ ಆ ಹೆಸರನ್ನು ಬರೆಯಲಿಲ್ಲ, ಅಷ್ಟೇ. ಅಂದಿನಿಂದ ನನ್ನ ಮನಸ್ಸು ಸ್ಫಟಿಕದಂತಾಯಿತೆಂದು ದಯವಿಟ್ಟು ತಿಳಿಯಬೇಡಿ. ಕೆಲವು ಸಂಜೆ ೧,೪೧೦ ಎಂಬ ಸಂಖ್ಯೆ ಕರೆಯದೆಯೇ ಬಂದು ಕೂರುತ್ತದೆ.

ಇದಕ್ಕೂ ಕರ್ಮಸಿದ್ಧಾಂತದಲ್ಲಿ ಸಮಾಧಾನವಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸತ್ತೆಯಲ್ಲಿರುವ ಕರ್ಮ ಗೋದಾಮಿನ ದಾಸ್ತಾನು. ಅದು ಉದಯಕ್ಕೆ ಬರುವುದೆಂದರೆ ಮಾಲು ಬಾಗಿಲಿಗೆ ಬಂದಂತೆ. ಗೋದಾಮಿನಲ್ಲಿರುವಾಗ ಅದರ ಕಾಲಾವಧಿ ತಗ್ಗಬಹುದು, ಒಂದು ಪ್ರಕೃತಿ ಇನ್ನೊಂದಾಗಿ ಸಂಕ್ರಮಣವಾಗಬಹುದು. ನಿಕಾಚಿತವಾದದ್ದು ಮಾತ್ರ ಬದಲಾಗದು. ಆದರೆ ಬಾಗಿಲಿಗೆ ಬಂದದ್ದನ್ನು ಇಳಿಸಿಕೊಳ್ಳಲೇಬೇಕು. ಹಳೆಯ ಮಾಲು ಬಂದಾಗ ರಾಗದಿಂದಲೋ ದ್ವೇಷದಿಂದಲೋ ಮತ್ತೆ ಅದೇ ಮಾಲಿಗೆ ಹೊಸ ಬೇಡಿಕೆ ಕಳುಹಿಸುವೆವೋ, ಸುಮ್ಮನೆ ನೋಡಿ ಕಳೆಯುವೆವೋ ಎಂಬುದು ಈ ಗಳಿಗೆಯ ವ್ಯಾಪಾರ. ಗತಕ್ಕೆ ಪ್ರತಿಕ್ರಮಣ, ವರ್ತಮಾನಕ್ಕೆ ಆಲೋಚನೆ, ಭವಿಷ್ಯಕ್ಕೆ ಪ್ರತ್ಯಾಖ್ಯಾನ ಎಂದು ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಬಿಡಿಸಿ ಹೇಳಿದ್ದಾರೆ. ಪ್ರತಿಕ್ರಮಣವೆಂದರೆ ಮರೆಯುವುದಲ್ಲ ಎಂಬುದನ್ನು ಗಮನಿಸಬೇಕು. ಮರೆತದ್ದರಿಂದಲೇ ನನ್ನ ಚೀಟಿ ಪುಸ್ತಕದಲ್ಲಿ ಹೂತುಹೋಗಿತ್ತು. ಹಿಂದಿರುಗಿ ಹೋಗಿ, ನೋಡಿ, ನನ್ನದೆಂದು ಒಪ್ಪಿ, ಆಮೇಲೆ ಬಿಡುವುದು ಪ್ರತಿಕ್ರಮಣ.

ಕುಳಿತರೆ ಮನಸ್ಸು ನಿಲ್ಲುವುದಿಲ್ಲವೆಂದು ಅಳುವ ಯುವಕರು ಇದ್ದಾರೆ. ಒಂದೇ ವಿಷಯದಲ್ಲಿ ಚಿತ್ತ ನಿಲ್ಲುವುದು ಉತ್ತಮ ಸಂಹನನ ಉಳ್ಳವರಿಗೂ ಅಂತರ್ಮುಹೂರ್ತ ಮಾತ್ರ ಎಂದು ತತ್ತ್ವಾರ್ಥಸೂತ್ರವೇ ಹೇಳುತ್ತದೆ. ಅಂದರೆ ನಾಲ್ವತ್ತೆಂಟು ನಿಮಿಷದ ಒಳಗೆ. ನಮ್ಮ ಮೈಯ ಪಾಡೇನು! ಅರ್ಧ ನಿಮಿಷ ನಿಂತರೆ ಅದೇ ಲಾಭವೆಂದು ಬರೆದುಕೊಳ್ಳೋಣ.

ಒಂದು ಮಾತು ವ್ಯಾಪಾರಿಗಳಿಗೆ. ವರ್ತಮಾನದಲ್ಲಿರುವುದು ಬಸದಿಯಲ್ಲಿ ಮಾತ್ರ ಕಲಿಯುವ ವಿದ್ಯೆಯಲ್ಲ. ತಕ್ಕಡಿಯ ಮುಳ್ಳನ್ನು ನೋಡುವಾಗ ಮುಳ್ಳನ್ನೇ ನೋಡಬೇಕು. ನಿನ್ನೆಯ ನಷ್ಟ ಕಣ್ಣಮುಂದೆ ಇದ್ದರೆ ಬೆರಳು ತಾನಾಗಿ ತಟ್ಟೆಯ ಅಂಚಿಗೆ ತಾಗುತ್ತದೆ. ಅಳತೆ-ತೂಕದಲ್ಲಿ ಹೆಚ್ಚು ಕಡಿಮೆ ಮಾಡುವುದನ್ನು ಅಚೌರ್ಯವ್ರತದ ಅತಿಚಾರವೆಂದು ಎಣಿಸಿದ್ದಾರೆ. ನಾನು ಕಂಡಂತೆ ಅದು ಲೋಭದಿಂದ ನಡೆಯುವುದಕ್ಕಿಂತ ಹಳೆಯ ಹೊಟ್ಟೆಯುರಿಯಿಂದ ನಡೆಯುವುದೇ ಹೆಚ್ಚು. ಯಾರೋ ಮಾಡಿದ ಮೋಸವನ್ನು, ಅದನ್ನು ಅರಿಯದ ರೈತನ ಚೀಲದಿಂದ ವಸೂಲು ಮಾಡುತ್ತೇವೆ. ಆ ಹನ್ನೊಂದು ವರ್ಷಗಳಲ್ಲಿ ನನ್ನ ಬೆರಳು ಎಷ್ಟು ಸಲ ತಾಗಿತೋ ಲೆಕ್ಕವಿಲ್ಲ. ಆ ಬಾಕಿಗೆ ಚೀಟಿಯೂ ಸಿಕ್ಕುವುದಿಲ್ಲ. ಈಗ ನನ್ನ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇದೆ, ಅದರ ಮುಖ ಗಿರಾಕಿಯ ಕಡೆಗಿದೆ.

ಬಿಡುವುದನ್ನು ಬಲ್ಲವರು ನಮ್ಮ ನಾಡಿನಲ್ಲಿಯೇ ಇದ್ದರು. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋದವರು ಅಲ್ಲಿನ ಶಾಂತಿನಾಥ ಬಸದಿಯನ್ನು ನೋಡಿರಬಹುದು. ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದಲ್ಲಿ, ಎಂದರೆ ೧೦ನೆಯ ಶತಮಾನದ ಆರಂಭದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಗಂಡನು ತೀರಿಕೊಂಡಾಗ ಆ ಅಧಿಕಾರವನ್ನು ಜಕ್ಕಿಯಬ್ಬೆಗೆ ಕೊಡಲಾಯಿತು. ಗಂಡ ಹೋದನೆಂದು ಆಕೆ ಮೂಲೆ ಹಿಡಿಯಲಿಲ್ಲ. ನಾಡನ್ನು ಸಮರ್ಥವಾಗಿ ಆಳಿದಳು. ಮೈಗೆ ರೋಗ ಬಂದಾಗ ಮಗಳನ್ನು ಕರೆಸಿ ಅಧಿಕಾರವನ್ನು ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದಳು. ಇಷ್ಟನ್ನು ಶಾಸನ ಹೇಳುತ್ತದೆ. ಹಿಡಿಯಬೇಕಾದಾಗ ಹಿಡಿದಳು, ಬಿಡಬೇಕಾದಾಗ ಬಿಟ್ಟಳು. ಎರಡೂ ಒಂದೇ ಕೈಯ ಕೆಲಸ. ನಮ್ಮಲ್ಲಿ ಅನೇಕರಿಗೆ ಮಗನ ಕೈಗೆ ಬೀರುವಿನ ಬೀಗದ ಕೈ ಕೊಡಲೂ ಕೈ ನಡುಗುತ್ತದೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನನ್ನ ತಮ್ಮನ ಮಗಳು ಇದೇ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಆ ಕೆಲಸ ಅವಳಿಗೆ ದೊರೆಯಲಿಲ್ಲ, ಬೇರೊಂದು ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ನೋಟುಪುಸ್ತಕದಲ್ಲಿ ಇನ್ನೂ ಖಾಲಿ ಹಾಳೆಗಳಿವೆ. ಅದರಲ್ಲಿ ಪ್ರತಿರಾತ್ರಿ ಅಂದು ಮಾಡಿದ್ದೆಷ್ಟು, ಯಾರ ಮನಸ್ಸನ್ನಾದರೂ ನೋಯಿಸಿದೆನೇ ಎಂದು ಎರಡೇ ಸಾಲು ಬರೆಯಮ್ಮ ಎಂದು ಹೇಳಿದ್ದೇನೆ. “ನೋಡೋಣ ದೊಡ್ಡಪ್ಪ” ಎಂದಿದ್ದಾಳೆ.

ನಾಳೆ ಬೆಳಗಿನ ಐದೂವರೆಗೆ ಬಸದಿಯ ಪಕ್ಕದ ಮಂಟಪದಲ್ಲಿ ಸಾಮೂಹಿಕ ಸಾಮಾಯಿಕವಿದೆ. ಚಾಪೆಯನ್ನು ಸಮಿತಿಯವರು ಹಾಸಿರುತ್ತಾರೆ. ಮೊಬೈಲನ್ನು ಮನೆಯಲ್ಲಿ ಬಿಟ್ಟು ಬರಬೇಕಾಗಿ ವಿನಂತಿ.  ಮಾತಿನಲ್ಲಿ ಪ್ರಮಾದವಶಾತ್ ಶಾಸ್ತ್ರವಿರುದ್ಧವಾದುದು ಬಂದಿದ್ದರೆ ಪೂಜ್ಯರು ಕ್ಷಮಿಸಬೇಕು.

ಜೈ ಜಿನೇಂದ್ರ.